ಆಂಟೆನಾಗೆ ಆಯುಧಪೂಜೆ ಮಾಡಿದ ವರ್ಷ

ಬೂದುಗುಂಬಳಕಾಯಿಯ ಮೇಲಿನ ಬೂದಿ ಅಂಗೈಗೆ ಹತ್ತಿದ ಕೂಡಲೇ ನನಗೆ ಸಿಟ್ಟು ಬರುತ್ತೆ. ಮೊದಲು ಹೀಗಿರಲಿಲ್ಲ, ಹೋದ ವರ್ಷದಿಂದ ಶುರುವಾಗಿದ್ದು. ನಿನ್ನೆ ಬೆಳಿಗ್ಗೆ ಯಲಹಂಕ ಹಳೇ ಊರಿನ ಸಂತೆಬೀದಿಯಲ್ಲಿ ಹಬ್ಬಕ್ಕೆ ಅಂತ ಕಾಯಿಗಳನ್ನ ಗುಡ್ಡೆ ಹಾಕಿದ್ದರು. ಒಂದನ್ನ ಎತ್ತಿ ತೂಕ ನೋಡಿದೆ. ಆ ತಣ್ಣನೆ ಸಿಪ್ಪೆ, ಪಕ್ಕದಲ್ಲಿ ಕಡಿದು ಹಾಕಿದ್ದ ಬಾಳೆಕಂದಿನ ಹಸಿ ವಾಸನೆ, ಅಷ್ಟೇ ಸಾಕಾಯ್ತು. ಹೋದ ವರ್ಷದ ದಸರಾ ಪೂರ್ತಿಯಾಗಿ ಕಣ್ಣ ಮುಂದೆ ಬಂತು.

"ಏನ್ ಯಜಮಾನ್ರೇ, ಕಾಯಿ ಮೇಲೆ ಆ ಪಾಟಿ ಕಣ್ಣು ಕೆಂಪು ಮಾಡ್ತೀರಾ?" ಅಂದಳು ಮಾರೋ ಹೆಂಗಸು.

"ಕಾಯಿ ಮೇಲಲ್ಲ ಕಣಮ್ಮ" ಅಂದೆ. ಅವಳಿಗೆ ಬೀದಿಯಲ್ಲಿ ನಿಂತು ಎಲ್ಲಾ ಹೇಳೋಕಾಗುತ್ತಾ? ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

ನಾನು ಮುನಿಯಪ್ಪ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವನು. ಲಾರಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ದೇವನಹಳ್ಳಿ ಕಡೆಯ ದ್ರಾಕ್ಷಿಯನ್ನ ಎಲ್ಲೆಲ್ಲಿಗೋ ಹೊತ್ತು ಹಾಕಿದವನು. ಮೊಣಕಾಲು ಕೈಕೊಟ್ಟ ಮೇಲೆ ಸ್ಟಿಯರಿಂಗ್ ಬಿಟ್ಟೆ. ಈಗ ನಾನು, ನನ್ನ ಹೆಂಡತಿ ಗೌರಮ್ಮ, ಯಶವಂತಪುರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರೋ ಮಗ ರಮೇಶ, ಸೊಸೆ, ಎಲ್ಲಾ ಒಂದೇ ಮನೆಯಲ್ಲಿ. ಮತ್ತೆ ನನ್ನ ಮೊಮ್ಮಗಳು ಚಂದನಾ. ನಮ್ಮ ಚಂದು. ಅವಳ ಹೆಸರು ಬರೆಯೋವಾಗಲೇ ನೋಡಿ, ಸಿಟ್ಟಿನ ಮಧ್ಯದಲ್ಲೂ ನಗು ಬರ್ತಾ ಇದೆ.

ಎರಡು ಸಾವಿರದ ಹದಿನೆಂಟು, ಯುಗಾದಿ ಕಳೆದಿತ್ತು. ಚಂದು ಎಂಜಿನಿಯರಿಂಗ್ ಕೊನೇ ವರ್ಷ. ಒಂದು ದಿನ ಪಿವಿಸಿ ಪೈಪು, ತಾಮ್ರದ ತಂತಿ, ಗರಗಸ ಎಲ್ಲಾ ತಗೊಂಡು ಟೆರೇಸಿಗೆ ಹತ್ತಿದಳು. "ತಾತ, ಒಂಚೂರು ಇದನ್ನ ಹಿಡ್ಕೋ" ಅಂದಳು. ಹಿಡ್ಕೊಂಡೆ. "ನೆಟ್ಟಗೆ ಹಿಡ್ಕೋ." ಹಿಡ್ಕೊಂಡೆ. "ತಾತ, ಸೊಟ್ಟ ಆಯ್ತು, ನೀನು ಲಾರಿ ಹೆಂಗೆ ಓಡಿಸ್ತಿದ್ದೆ?" ಅಂತ ಬೈದಳು. ಎರಡು ಭಾನುವಾರ ನಾವಿಬ್ಬರೂ ಹೀಗೇ ಜಗಳ ಆಡಿ, ಕಡೆಗೆ ಒಂದು ವಸ್ತು ಎದ್ದು ನಿಂತಿತು. ನಡುವೆ ಒಂದು ಕಂಬ, ಅದರ ಸುತ್ತ ತಾಮ್ರದ ತಂತಿ ಅವರೆಬಳ್ಳಿ ಹಬ್ಬಿದ ಹಾಗೆ ತಿರುಚಿಕೊಂಡಿತ್ತು. ಆಂಟೆನಾ ಅಂತೆ. ಹಳೇ ಟೀವಿ ಆಂಟೆನಾ ನೋಡಿದ್ದ ನನಗೆ ಇದು ಆಂಟೆನಾ ಅಂತ ಒಪ್ಪೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಅದರಿಂದ ಒಂದು ವೈರು ಇಳಿದು, ಪೆನ್‌ಡ್ರೈವ್ ತರದ ಒಂದು ಚೂರಿಗೆ ಬಂದು, ಆ ಚೂರು ಅವಳ ಲ್ಯಾಪ್‌ಟಾಪಿಗೆ. ಮೇಲೆ ಆಕಾಶದಲ್ಲಿ ಹವಾಮಾನದ ಉಪಗ್ರಹಗಳು ಸುತ್ತುತ್ತಾ ಇರ್ತಾವಂತೆ. ನಮ್ಮ ತಲೆ ಮೇಲೆ ಬಂದಾಗ, ತಾವು ಕಂಡ ಮೋಡವನ್ನೆಲ್ಲ ಸದ್ದು ಮಾಡಿ ಕೂಗ್ತಾ ಹೋಗ್ತಾವಂತೆ. ಕಿವಿ ಇಟ್ಟವರಿಗೆಲ್ಲ ಕೇಳಲಿ ಅಂತಲೇ ಬಿಟ್ಟಿರೋದು. "ನಾವು ಕೇಳೋದಷ್ಟೇ ತಾತ, ಇಲ್ಲಿಂದ ಏನೂ ಕಳಿಸಲ್ಲ" ಅಂತ ಅವಳು ಅವತ್ತೇ ಹೇಳಿದ್ದಳು. ಈ ಮಾತನ್ನ ನೆನಪಿಟ್ಟುಕೊಳ್ಳಿ. ನಾನು ಆಮೇಲೆ ಇದನ್ನ ಊರೆಲ್ಲಾ ಕೂಗಿದರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೊದಲನೇ ಸಲ ಸಂಜೆ ನಾಲ್ಕರ ಸುಮಾರಿಗೆ ಕೂತೆವು. ಲ್ಯಾಪ್‌ಟಾಪಿಗೆ ಬಿಸಿಲು ಬೀಳದ ಹಾಗೆ ಗೌರಿ ತನ್ನ ಹಳೇ ಸೀರೆ ಅಡ್ಡ ಹಿಡಿದಿದ್ದಳು. ಮೊದಲು ಬರೀ ಸುಯ್ ಅನ್ನೋ ಸದ್ದು. ಆಮೇಲೆ ಅದರೊಳಗಿಂದ ಟಿಕ್‌ಟಿಕ್, ಟಿಕ್‌ಟಿಕ್, ಗೋಡೆ ಗಡಿಯಾರಕ್ಕೆ ಜ್ವರ ಬಂದ ಹಾಗೆ. ಶಾವಿಗೆ ಒರಳಿನಿಂದ ಎಳೆ ಇಳಿದ ಹಾಗೆ ಒಂದೊಂದೇ ಗೆರೆ ಇಳಿದು ಚಿತ್ರ ಕೂಡಿಕೊಳ್ತಾ ಬಂತು. ಮೊದಲು ಲಂಕೆ, ಆಮೇಲೆ ಕನ್ಯಾಕುಮಾರಿಯ ಮೂತಿ, ಎರಡೂ ಕಡೆ ಕಪ್ಪು ಕಡಲು, ಅಲ್ಲಲ್ಲಿ ಬಿಳೀ ಅರಳೆ ಹಿಂಜಿದ ಹಾಗೆ ಮೋಡ. ಎಲ್ಲಾ ತಲೆಕೆಳಗು. ಉಪಗ್ರಹ ದಕ್ಷಿಣದಿಂದ ಏರಿ ಬಂತಲ್ಲ, ಅದಕ್ಕೆ. ಚಂದು ಒಂದು ಗುಂಡಿ ಒತ್ತಿದಳು, ಚಿತ್ರ ನೆಟ್ಟಗಾಯ್ತು.

"ನೋಡು ತಾತ, ಇಲ್ಲಿ ಎಲ್ಲೋ ನಾವು" ಅಂತ ಬೆರಳಿಟ್ಟಳು.

ನಲವತ್ತು ವರ್ಷ ಆ ನೆಲದ ಮೇಲೆ ಲಾರಿ ಓಡಿಸಿದ್ದೆ. ನಾಗಪುರಕ್ಕೆ ಹೋಗೋಕೆ ಎರಡು ಹಗಲು ಎರಡು ರಾತ್ರಿ ಕಣ್ಣು ಮಿಟುಕಿಸದೆ ಕೂತಿದ್ದೆ. ಅಷ್ಟೂ ದಾರಿ ಅಲ್ಲಿ ನನ್ನ ಹೆಬ್ಬೆರಳಷ್ಟು. ಗೌರಿಗೆ ಬೇರೇ ಚಿಂತೆ. "ಈ ಬಿಳೀದು ನಮ್ ಕಡೀಕೆ ಬತ್ತದಾ ಚಂದೂ? ಸಂಡಿಗೆ ಆಸಿವ್ನಿ!"

ಅಲ್ಲಿಂದ ಆ ಬೇಸಿಗೆ ಪೂರ್ತಿ ಗೌರಿಯ ಸಂಡಿಗೆಗೂ ಉಪಗ್ರಹಕ್ಕೂ ನಂಟು. ಅರಳು ಸಂಡಿಗೆ ಹಾಕೋ ಮೊದಲು ಚಂದುವನ್ನ ಕೇಳೋದು. "ಹೇಳಕ್ಕಾಗಲ್ಲ ಅಜ್ಜಿ, ನೋಡಿದ್ರೆ ಬರಲ್ಲ ಅನ್ಸುತ್ತೆ" ಅಂದರೆ ಇವಳು ಧೈರ್ಯವಾಗಿ ಸೀರೆ ಹಾಸೋದು. ಒಂದು ಸಲ ಚಿತ್ರ ಸುಳ್ಳಾಗಿ ಸಂಡಿಗೆ ಎಲ್ಲಾ ಗಂಜಿ ಆಯ್ತು. ಅವತ್ತು ಗೌರಿ ಆಕಾಶ ನೋಡಿ ಉಪಗ್ರಹಕ್ಕೆ ಬೈದ ಬೈಗುಳ, ಅದಕ್ಕೂ ಕೇಳಿಸಿರಬೇಕು.

ನಮ್ಮ ಬೀದಿಯಲ್ಲಿ ವಿಮಾನ ಹೊಸದೇನಲ್ಲ. ವಾಯುಪಡೆಯ ನಿಲ್ದಾಣ ಹತ್ತಿರವೇ. ತಲೆ ಮೇಲೆ ಅದು ಗುಡುಗಿಕೊಂಡು ಹೋಗೋವಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸೋದು ಇಲ್ಲಿ ಎಲ್ಲರಿಗೂ ಅಭ್ಯಾಸ. ಚಂದು ಹುಟ್ಟಿ ಬೆಳೆದದ್ದು ಆ ಸದ್ದಿನಲ್ಲೇ. ಮಗುವಿದ್ದಾಗ ಬೇರೆ ಮಕ್ಕಳು ವಿಮಾನಕ್ಕೆ ಟಾಟಾ ಮಾಡ್ತಿದ್ದರೆ, ಇವಳು "ಅದಕ್ಕೆ ದಾರಿ ಯಾರು ಹೇಳ್ತಾರೆ?" ಅಂತ ನನ್ನ ಪ್ರಾಣ ತಿಂತಿದ್ದಳು.

ಮಳೆಗಾಲ ಮುಗಿಯೋ ಹೊತ್ತಿಗೆ ಆ ಪ್ರಶ್ನೆಗೆ ಉತ್ತರ ಬಂತು ಅನ್ನಿ. ಉಪಗ್ರಹದ ಕೆಲಸ ಮಾಡೋ ಒಂದು ಸಂಸ್ಥೆಗೆ ಪರೀಕ್ಷೆ ಬರೆದಿದ್ದಳು, ಇಂಟರ್‌ವ್ಯೂ ಆಗಿತ್ತು. ಗಣೇಶನ ಹಬ್ಬ ಆದ ಮಾರನೇ ವಾರ ಆಯ್ಕೆ ಆದಳು. ನೆಲದಿಂದ ಉಪಗ್ರಹದ ಜೊತೆ ಮಾತಾಡೋ ಕಂಪ್ಯೂಟರುಗಳಿರ್ತಾವಂತೆ. ಆ ಕಂಪ್ಯೂಟರಿನೊಳಗೆ ಕಳ್ಳರು ನುಗ್ಗದ ಹಾಗೆ ಕಾಯೋ ಕೆಲಸ. ನನಗೆ ಅದು ಚೆನ್ನಾಗಿ ಅರ್ಥವಾಯ್ತು. ಲೋಡ್ ಲಾರಿ ನಿಲ್ಲಿಸಿ ಢಾಬಾದಲ್ಲಿ ಮಲಗಿದಾಗ ಒಬ್ಬ ಟಾರ್ಪಾಲಿನ ಮೇಲೆ ಮಲಗಿರ್ತಾನಲ್ಲ, ಅಂಥದ್ದು. ನನ್ನ ಮೊಮ್ಮಗಳು ಆಕಾಶದ ಲೋಡಿಗೆ ಕಾವಲು! ನಾನು ಹಾಲಿನ ಬೂತಿನಲ್ಲಿ ಹೇಳಿದೆ, ಕಟಿಂಗ್ ಶಾಪಿನಲ್ಲಿ ಹೇಳಿದೆ, ಹೆಬ್ಬಾಳದವರೆಗೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ಹೇಳಿದೆ. ಪಾಪ ಅವನು ಕೊಡಿಗೇಹಳ್ಳಿಯಲ್ಲೇ ಇಳ್ಕೊಂಡ.

ಒಂದೇ ಒಂದು ಬಾಕಿ. ಪೊಲೀಸ್ ವೆರಿಫಿಕೇಶನ್. ಈ ಹುಡುಗಿ ಒಳ್ಳೆಯವಳು, ಮೇಲೆ ಕೇಸಿಲ್ಲ ಅಂತ ನಮ್ಮ ಠಾಣೆಯಿಂದ ವರದಿ ಹೋಗಬೇಕು. ದೀಪಾವಳಿ ಕಳೆದ ಕೂಡಲೇ ಸೇರಬೇಕು. ವರದಿ ಅಷ್ಟರೊಳಗೆ ಹೋಗದಿದ್ದರೆ ಆ ಜಾಗ ಸಾಲಿನಲ್ಲಿ ನಿಂತಿರೋ ಮುಂದಿನವರಿಗೆ. "ಅದೇನು, ಆಗುತ್ತೆ ಬಿಡು" ಅಂದಿದ್ದೆ.

ಆಮೇಲೆ ಆಯುಧಪೂಜೆ ಬಂತು.

ಡ್ರೈವರುಗಳಿಗೆ ಹಬ್ಬ ಅಂದರೆ ಅದೇ ಹಬ್ಬ. ಬೇರೆ ದಿನ ಒಲೆ ಹಚ್ಚದಿದ್ದರೂ ನಡೀತದೆ, ಅವತ್ತು ಗಾಡಿಗೆ ಹೂವು ಹಾಕದೆ ಇರೋ ಹಾಗಿಲ್ಲ. ಯಾವುದು ನಮಗೆ ಅನ್ನ ಹಾಕುತ್ತೋ ಅದಕ್ಕೆ ಅವತ್ತು ಕೆಲಸ ಹೇಳಬಾರದು, ತೊಳೆದು, ಕುಂಕುಮ ಇಟ್ಟು, ಕೈ ಮುಗಿದು ಕೂರಿಸಬೇಕು. ಲಾರಿ ಹೋದ ಮೇಲೆ ನನಗೆ ಪೂಜೆ ಮಾಡೋಕೆ ದೊಡ್ಡದೇನೂ ಇರಲಿಲ್ಲ. ಮೊಪೆಡ್ಡು, ಗೌರಿಯ ಈಳಿಗೆಮಣೆ, ಮಗನ ಸ್ಪಾನರುಗಳು. ಆದರೆ ಆ ವರ್ಷ ಮನೆಗೆ ಅನ್ನ ಹಾಕೋ ಹೊಸ ಆಯುಧ ಟೆರೇಸಿನ ಮೇಲೆ ನಿಂತಿತ್ತಲ್ಲ!

ನಾನು ಬಿಡಲಿಲ್ಲ. ಲಾರಿಗೆ ಹೇಗೆ ಮಾಡ್ತಿದ್ದೆನೋ ಹಾಗೇ ಮಾಡಿದೆ. ಎರಡೂ ಕಡೆ ಬಾಳೆಕಂದು ಕಟ್ಟಿದೆ. ತಾಮ್ರದ ತಂತಿಯುದ್ದಕ್ಕೂ ಚೆಂಡುಹೂವು ಸುತ್ತಿದೆ. ಕಂಬಕ್ಕೆ ವಿಭೂತಿಯ ಮೂರು ಪಟ್ಟೆ, ನಡುವೆ ಅಂಗೈಯಗಲ ಕುಂಕುಮ. ದೃಷ್ಟಿ ಆಗಬಾರದು ಅಂತ ಬೂದುಗುಂಬಳಕಾಯಿಗೆ ಕಣ್ಣು ಮೀಸೆ ಬರೆದು ಮೇಲೆ ನೇತುಹಾಕಿದೆ. ಇನ್ನೊಂದನ್ನ ಕೊರೆದು, ಕುಂಕುಮ ತುಂಬಿ, ಕೆಳಗೆ ಬೀದಿಯಲ್ಲಿ ಒಡೆದೆ. ಸಂಜೆಗೆ, ಅಟ್ಟದ ಮೇಲಿದ್ದ ಹಳೇ ಲಾರಿಯ ಕೆಂಪು ಸೀರಿಯಲ್ ಸೆಟ್ಟನ್ನೂ ತಂದು ಸುತ್ತಿದೆ. ಮಿಣಕ್ ಮಿಣಕ್ ಅಂತ ಉರೀತು.

"ತಾತ, ಇದು ಉಪಗ್ರಹಕ್ಕೇ ಕಾಣುತ್ತೆ" ಅಂತ ಚಂದು ಬಿದ್ದು ಬಿದ್ದು ನಕ್ಕಳು.

ಉಪಗ್ರಹಕ್ಕೆ ಕಂಡಿತೋ ಇಲ್ಲವೋ, ಎದುರು ಮನೆ ನಂಜುಂಡಪ್ಪನಿಗೆ ಕಂಡಿತು. ರಿಟೈರ್ ಆದ ಮನುಷ್ಯ. ಬೆಳಿಗ್ಗೆ ಎದ್ದು ಮುಖ ತೊಳೆಯೋ ಮೊದಲು ನಾಲ್ಕು ವಾಟ್ಸಾಪ್ ಗ್ರೂಪಿಗೆ ಹೂವಿನ ಚಿತ್ರ ಕಳಿಸೋನು. ಚಂದು ಮೇಲೆ ಹತ್ತಿದಾಗಲೆಲ್ಲ ಅವನಿಗೆ ಕುತೂಹಲ. "ಏನ್ ಮುನಿಯಪ್ಪಣ್ಣ, ಮಗು ಟೆರೇಸ್ ಮೇಲೆ ಯಾರ ಜೊತೆ ಮಾತಾಡ್ತದೆ?" ಅಂತ ಕೇಳಿದ್ದ. ಬಂದು ನೋಡೋ ಅಂದರೆ ಬರಲಿಲ್ಲ. ಬಂದು ನೋಡಿದ್ದರೆ ಮುಗೀತಿತ್ತು.

ವಿಜಯದಶಮಿಯ ಬೆಳಿಗ್ಗೆ ರಮೇಶನ ಫೋನಿಗೆ ಒಂದು ಫೋಟೋ ಬಂತು. ನಮ್ಮದೇ ಟೆರೇಸು. ಕೆಳಗೆ ಬರೆದಿತ್ತು: "ಎಚ್ಚರ! ವಾಯುನೆಲೆ ಪಕ್ಕದಲ್ಲೇ ನಿಗೂಢ ಯಂತ್ರ. ಕತ್ತಲಾದರೆ ಕೆಂಪು ಬೆಳಕಿನ ಸಂಕೇತ. ಎಲ್ಲರಿಗೂ ಕಳುಹಿಸಿ." ವಿದ್ಯಾರಣ್ಯಪುರದಲ್ಲಿರೋ ನನ್ನ ತಂಗಿ ಮಗನಿಗೂ ಬಂದಿತ್ತು, ಹೆಸರಘಟ್ಟದ ಬೀಗರಿಗೂ ಬಂದಿತ್ತು. ಫೋಟೋ ತೆಗೆದವರ ಹೆಸರು ಎಲ್ಲೂ ಇಲ್ಲ. ಆದರೆ ನಾನು ಕುರುಡನೇ? ಫೋಟೋದ ಮೂಲೆಯಲ್ಲಿ ಎದುರು ಮಹಡಿಯ ಹಗ್ಗದ ಮೇಲೆ ಒಣಗ್ತಿದ್ದ ತೂತು ಬನಿಯನ್ನು ನಂಜುಂಡಪ್ಪನದು. ಅದನ್ನ ದಿನಾ ಎದುರಿಗೆ ನೋಡ್ತೀನಿ.

ಮಧ್ಯಾಹ್ನಕ್ಕೆ ಟೀವಿಯಲ್ಲಿ ಬಂತು.

ಚಾನೆಲ್ಲಿನ ಹೆಸರು ಬೇಡ, ಹೇಳಿದರೆ ಅವರಿಗೇ ಪ್ರಚಾರ. ಢಂ ಢಂ ಅಂತ ನಗಾರಿ ಬಾರಿಸ್ತಾ ನಮ್ಮ ಆಂಟೆನಾಗೆ ಕೆಂಪು ಸುತ್ತು ಹಾಕಿ ಹಾಕಿ ತೋರಿಸಿದರು. ಬನಿಯನ್ನಿಗೆ ಹಾಕಲಿಲ್ಲ. "ಯಲಹಂಕದಲ್ಲಿ ಗೂಢಚಾರಿಕೆಯೋ? ವಾಮಾಚಾರವೋ?" ಅಂತ ಒಬ್ಬ ಕಿರುಚಿದ. ಟೈ ಕಟ್ಟಿದ್ದ ತಜ್ಞ ಒಬ್ಬ "ಇಂಥ ಸಾಧನದಿಂದ ವಿಮಾನಗಳ ಮಾಹಿತಿ ಶತ್ರು ದೇಶಕ್ಕೆ ಹೋಗಬಹುದು" ಅಂದ. ಹೋಗಬಹುದಂತೆ! ಇಲ್ಲಿಂದ ಒಂದು ಕೆಮ್ಮೂ ಹೊರಗೆ ಹೋಗಲ್ಲ ಅದರಲ್ಲಿ. ಅವನ ಪಕ್ಕದಲ್ಲಿ ಕೂತಿದ್ದ ಜ್ಯೋತಿಷಿ, ಕುಂಕುಮ ಬಳಿದ ಕುಂಬಳಕಾಯಿ ನೋಡಿ ಬಲಿ ಅಂದ. ಅಯ್ಯೋ ಪುಣ್ಯಾತ್ಮ, ಹಿಂದಿನ ದಿನ ಇಡೀ ಬೆಂಗಳೂರಿನ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ಜಾರೋವಷ್ಟು ಕುಂಬಳಕಾಯಿ ಒಡೆದಿದ್ದರಲ್ಲ, ನಿನ್ನನ್ನ ಸ್ಟುಡಿಯೋಗೆ ಕರ್ಕೊಂಡು ಬಂದ ಕಾರಿಗೆ ಒಡೆದಿರಲಿಲ್ಲವಾ? ಕಾರಿಗೆ ಮಾಡಿದರೆ ಪೂಜೆ, ಹೆಣ್ಣು ಮಗುವಿನ ಯಂತ್ರಕ್ಕೆ ಮಾಡಿದರೆ ಮಾಟವಾ?

ನಾನು ಟೀವಿಗೆ ಉತ್ತರ ಕೊಡ್ತಾ ಕೊಡ್ತಾ ಎದ್ದು ನಿಂತಿದ್ದೆ. ಗೌರಿ ಬಂದು ಆರಿಸಿದಳು. ಹೊರಗೆ ಗೇಟಿನ ಹತ್ತಿರ ಜನ ಸೇರಿದ್ದರು. ಅದರಲ್ಲಿ ಅರ್ಧ ಜನ ಚಂದುವನ್ನ ಎತ್ತಿ ಆಡಿಸಿದವರು.

ಚಂದು ಸೋಫಾದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಆಮೇಲೆ ಒಂದೇ ಮಾತು. "ತಾತ, ವೆರಿಫಿಕೇಶನ್ ಇನ್ನೂ ಹೋಗಿಲ್ಲ ಅಲ್ವಾ?"

ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ.

ಹೋಗಿರಲಿಲ್ಲ. ಮಾರನೇ ದಿನ ಠಾಣೆಗೆ ಹೋದೆ. ನಮ್ಮ ಕಾಗದ ನೋಡ್ತಿದ್ದವರು ಹೆಡ್ ಕಾನ್‌ಸ್ಟೇಬಲ್ ಸಿದ್ದರಾಜು, ಚಾಮರಾಜನಗರ ಕಡೆಯವರು. ಮೆತ್ತಗಿನ ಮನುಷ್ಯ. "ಕೂತ್ಕೊಳಿ ಯಜಮಾನ್ರೇ" ಅಂದರು. "ನಿಮ್ ಮೊಮ್ಮಗಳ ಮೇಲೆ ಏನೂ ಇಲ್ಲ, ನಂಗೊತ್ತು. ಆದ್ರೆ ಟೀವೀಲಿ ಬಂದ್ಬುಡ್ತಲ್ಲ, ಮೇಲಿಂದ ಫೋನ್ ಮೇಲೆ ಫೋನು. ಈಗ ನಾನು ಎಲ್ಲಾ ಸರಿ ಇದೆ ಅಂತ ಬರೆದ್ರೆ, ನೀನು ಏನ್ ನೋಡಿ ಬರೆದೆ ಅಂತ ನನ್ನೇ ಕೇಳ್ತಾರೆ."

"ನೋಡಿ ಬರೀರಿ ಸ್ವಾಮಿ, ಯಾರು ಬ್ಯಾಡ ಅಂದೋರು?"

"ಏನಂತ ನೋಡ್ಲಿ? ನಂಗೇನ್ ಅರ್ಥವಾಯ್ತದೆ ಅದ್ರಲ್ಲಿ?"

ಮನೆಗೆ ಬಂದರೆ ಟೆರೇಸು ಬೋಳು. ರಮೇಶ ಆಂಟೆನಾ ಬಿಚ್ಚಿ, ಮಂಚದ ಕೆಳಗೆ ತಳ್ಳಿ, ಮೇಲೆ ಹಳೇ ಕಂಬಳಿ ಹೊದಿಸಿದ್ದ. ಚೆಂಡುಹೂವು ಇನ್ನೂ ತಂತಿಯಲ್ಲಿ ಸಿಕ್ಕಿಕೊಂಡಿತ್ತು. ಲಾರಿಯಲ್ಲಿ ಕದ್ದ ಮಾಲು ಬಚ್ಚಿಟ್ಟ ಹಾಗೆ!

"ಯಾರಿಗೆ ಎದ್ರುಕೊಂಡು ಬಿಚ್ದೆ ನೀನು?" ಅಂತ ಕೂಗಿದೆ.

"ಅಪ್ಪಾ, ಅಂಗಡೀಲಿ ಗಿರಾಕಿಗಳು ಕೇಳ್ತಾರೆ, ನಿಮ್ಮನೇಲಂತೆ ಅಂತ. ನಾಲ್ಕು ದಿನ ತಣ್ಣಗಾಗ್ಲಿ. ನೀನು ಆ ಲೈಟು ಹಾಕ್ದೆ ಇದ್ದಿದ್ರೆ..."

"ನನ್ ಲೈಟಿಗೆ ಏನಾಗಿತ್ತೋ? ಅಬ್ಬದ ದಿನ ಲೈಟ್ ಆಕೋದು ತಪ್ಪಾ ಈ ಊರಲ್ಲಿ?"

ಇಬ್ಬರೂ ಕೂಗಾಡ್ತಿದ್ದೆವು. ಚಂದು ಮಧ್ಯೆ ಬಂದಳು. ಅಳ್ತಿದ್ದಳು ಅಂತ ಅಂದ್ಕೊಂಡಿದ್ದೆ. ಇಲ್ಲ. ನನಗಿಂತ ಸಿಟ್ಟಿನಲ್ಲಿದ್ದಳು.

"ಅಪ್ಪಾ, ಬಿಚ್ಚಿ ಬಚ್ಚಿಟ್ರೆ ಅವರು ಹೇಳಿದ್ದೇ ನಿಜ ಅಂದಂಗಾಯ್ತು. ನನ್ ಕೆಲಸ ಹೋದ್ರೆ ಹೋಗ್ಲಿ, ಕಳ್ಳಿ ಅನ್ನಿಸ್ಕೊಂಡು ಹೋಗಬಾರದು. ತಾತ, ನಡಿ ಠಾಣೆಗೆ."

ನಡೆದೆವು. ನನ್ನ ಮೊಣಕಾಲಿಗೆ ಅವತ್ತು ನೋವೇ ಇರಲಿಲ್ಲ. ಠಾಣೆಯಲ್ಲಿ ಚಂದು ಸಿದ್ದರಾಜು ಅವರ ಮೇಜಿನ ಮುಂದೆ ನಿಂತು, "ಸಾರ್, ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬ್ತಿಲ್ಲ. ನೀವೇ ಬಂದು ಕೂತು ನೋಡಿ. ನಾಳೆ ನಾಲ್ಕು ಗಂಟೆ ಹೊತ್ತಿಗೆ ಬರುತ್ತೆ" ಅಂದಳು.

"ಯಾರಮ್ಮಾ ಬರೋದು?"

"ಉಪಗ್ರಹ ಸಾರ್."

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಕಿಸಕ್ ಅಂದ. ಸಿದ್ದರಾಜು ನಗಲಿಲ್ಲ. ಚಂದು ಮುಖವನ್ನೇ ಒಂದು ಗಳಿಗೆ ನೋಡಿದರು. "ಬರ್ತೀನಿ. ಆದ್ರೆ ಹೊರಗಿನವರು ಒಬ್ರು ಸಾಕ್ಷಿ ಬೇಕು. ಎದುರು ಮನೆಯವರನ್ನ ಕರೆದು ಕೂರಿಸಿ."

ಎದುರು ಮನೆಯವರು! ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯ್ತು.

ಮಾರನೇ ದಿನ ನಾನೂ ಚಂದುವೂ ಆಂಟೆನಾ ಹೊತ್ಕೊಂಡು ಬೀದಿಗೆಲ್ಲ ಕಾಣೋ ಹಾಗೆ ಹೊರಗಿನ ಮೆಟ್ಟಿಲಿಂದಲೇ ಟೆರೇಸಿಗೆ ಹತ್ತಿಸಿದೆವು. ಕಡೆಗೆ ರಮೇಶನೂ ಬಂದು ಬುಡ ಹಿಡಿದ. ಸಿದ್ದರಾಜು ಹೇಳಿದ ಹೊತ್ತಿಗೇ ಬಂದರು. ನಂಜುಂಡಪ್ಪ ಇಸ್ತ್ರಿ ಮಾಡಿದ ಷರಟು ಹಾಕ್ಕೊಂಡು, ಪೊಲೀಸಿನವರ ಹಿಂದೆ ಅರ್ಧ ಮರೆಯಾಗಿ ಬಂದ. ಗೌರಿ ಎಲ್ಲರಿಗೂ ಕಾಫಿ ಕೊಟ್ಟಳು, ಅವನಿಗೂ. ಸಕ್ಕರೆ ಹಾಕಿರಲಿಲ್ಲ. ಅವನು ಕೇಳಲೂ ಇಲ್ಲ.

ಆಕಾಶದಲ್ಲಿ ಮೋಡ ಅರ್ಧ, ಬಿಸಿಲು ಅರ್ಧ. ಗೌರಿ ಸೀರೆ ಹಿಡಿದಳು. ಸುಯ್ ಅಂತ ಶುರುವಾಯ್ತು.

"ಇದೇನಮ್ಮಾ, ಕುಕ್ಕರ್ ಇದ್ದಂಗಿದೆ?" ಅಂದರು ಸಿದ್ದರಾಜು.

"ತಡ್ಕೊಳಿ ಸಾರ್."

ಸುಯ್, ಸುಯ್. ಏನೂ ಇಲ್ಲ. ಬಿಚ್ಚಿ ಕಟ್ಟಿದಾಗ ಏನಾದರೂ ಕೆಟ್ಟಿತೇನೋ. ಇವತ್ತೇ ಬರದೆ ಹೋದರೆ? ಚಂದು ವೈರಿನ ತುದಿ ಬಿಚ್ಚಿ ಒರೆಸಿ ಮತ್ತೆ ಸಿಗಿಸಿದಳು. ನಂಜುಂಡಪ್ಪ ಗಂಟಲು ಸರಿ ಮಾಡ್ಕೊಂಡ. ಅಷ್ಟರಲ್ಲಿ ಒಳಗಿಂದ, ದೂರದಿಂದ ಯಾರೋ ಬಾಗಿಲು ತಟ್ಟಿದ ಹಾಗೆ, ಟಿಕ್‌ಟಿಕ್. ಟಿಕ್‌ಟಿಕ್. ಟಿಕ್‌ಟಿಕ್.

"ಬಂತು" ಅಂದಳು ಗೌರಿ, ಊರಿಂದ ಬಸ್ಸು ಬಂದ ಹಾಗೆ.

ಗೆರೆ ಮೇಲೆ ಗೆರೆ ಇಳೀತು. ಸಿದ್ದರಾಜು ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಮುಂದಕ್ಕೆ ಬಗ್ಗಿದರು. ಚಂದು ಚಿತ್ರ ನೆಟ್ಟಗೆ ತಿರುಗಿಸಿ, ಕಡಲು ತೋರಿಸಿದಳು, ಘಟ್ಟ ತೋರಿಸಿದಳು, ಬಂಗಾಳಕೊಲ್ಲಿಯ ಕಡೆ ದಪ್ಪಗೆ ಹೆಪ್ಪುಗಟ್ಟಿದ್ದ ಮೋಡ ತೋರಿಸಿದಳು.

"ನಮ್ ಚಾಮರಾಜನಗರ ಎಲ್ಲಿ ಬರುತ್ತಮ್ಮಾ?"

ಅವಳು ಬೆರಳಿಟ್ಟಳು. ಆ ದಪ್ಪ ಮೋಡದ ಅಂಚು ಅಲ್ಲಿಗೆ ಹತ್ತಿರದಲ್ಲೇ ಇತ್ತು.

"ಇದು ಅಲ್ಲಿಗೆ ಬತ್ತದಾ?"

"ಖಂಡಿತ ಅಂತ ಹೇಳಕ್ಕಾಗಲ್ಲ ಸಾರ್. ಬರೋ ಹಾಗೆ ಕಾಣ್ತಿದೆ."

ಆ ಮನುಷ್ಯ ಏನು ಮಾಡಿದರು ಅಂತೀರಿ? ಬರೀಬೇಕಿದ್ದ ಮಹಜರು ಕಾಗದ ಪಕ್ಕಕ್ಕಿಟ್ಟು, ಜೇಬಿನಿಂದ ಫೋನ್ ತೆಗೆದು ಊರಿಗೆ ಮಾಡಿದರು. "ಲೇ ಮಾದೇವ, ಕಣದಲ್ಲಿ ಜೋಳ ಹರವಿದ್ದೀಯಾ? ಮಳೆ ಬರಂಗದೆ, ಟಾರ್ಪಾಲ್ ಮುಚ್ಚು. ಯಾರಂದ್ರಾ? ನಾನೇ ನೋಡ್ದೆ ಕಣೋ, ಮೇಲಿಂದ ನೋಡ್ದೆ!"

ನಂಜುಂಡಪ್ಪ ಮೆಲ್ಲಗೆ ಮುಂದೆ ಬಂದ. ಕನ್ನಡಕ ಏರಿಸಿ ಚಿತ್ರವನ್ನ ಆ ಕಡೆಯಿಂದ ಈ ಕಡೆಗೆ ನೋಡಿದ. "ಅಲ್ಲಮ್ಮಾ, ಇದರಲ್ಲಿ ನಮ್ಮನೆ ಕಾಣಲ್ವಾ? ಏರ್‌ಪೋರ್ಟು? ವಿಮಾನ?"

"ನಿಮ್ಮನೆ ಇರಲಿ ಅಂಕಲ್, ಇಡೀ ಯಲಹಂಕವೇ ಒಂದು ಚುಕ್ಕಿಯಷ್ಟು ಇಲ್ಲ."

"ಓ" ಅಂದ. ಅವನ ಮುಖ ನೋಡಬೇಕಿತ್ತು. ಗೂಢಚಾರಿಣಿ ಅಲ್ಲ ಅಂತ ಗೊತ್ತಾಗಿ ಅವನಿಗೆ ನಿರಾಸೆ ಆಗಿತ್ತು!

ನನಗೆ ತಡೆಯಲಿಲ್ಲ. "ನಿನ್ ಬನಿಯನ್ನೂ ಕಾಣಲ್ಲ ಕಣೋ ನಂಜುಂಡಪ್ಪ. ಅದು ವಾಟ್ಸಾಪಲ್ಲಿ ಮಾತ್ರ ಕಾಣೋದು" ಅಂದೆ.

ಸಿದ್ದರಾಜು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಎದುರು ಮಹಡಿಯ ಹಗ್ಗದ ಮೇಲಿದ್ದ ಬನಿಯನ್ ನೋಡಿದರು. ತಮ್ಮ ಫೋನಿನಲ್ಲಿದ್ದ ಆ ಫೋಟೋ ತೆಗೆದು ಇನ್ನೊಂದು ಸಲ ನೋಡಿದರು. "ಸಾಕ್ಷಿ ರುಜು ಮಾಡಿ ಸ್ವಾಮಿ" ಅಂತ ನಂಜುಂಡಪ್ಪನ ಕೈಗೆ ಪೆನ್ನು ಕೊಟ್ಟರು. "ಕಣ್ಣಾರೆ ನೋಡಿದ್ದೀರಲ್ಲ, ಹೆಸರು ಪೂರ್ತಿ ಬರೀರಿ." ಅವನು ಬರೆಯೋವಾಗ ಮಹಡಿ ಮೇಲೆ ಒಂದು ವಿಮಾನ ಹೋಯ್ತು. ಅವನ ಪೆನ್ನು ನಿಂತಿತು. ಅದು ಹೋದ ಮೇಲೆ ಅವನು ಬರೆದು ಮುಗಿಸಿದ.

ವರದಿ ಹೋಯ್ತು. ದೀಪಾವಳಿಯ ಮುಂಚೆಯೇ ಹೋಯ್ತು. ಚಂದು ಕೆಲಸಕ್ಕೆ ಸೇರಿದಳು! ಮೊದಲನೇ ದಿನ ಕೊರಳಿಗೆ ಗುರುತಿನ ಪಟ್ಟಿ ಹಾಕ್ಕೊಂಡು ಬಂದು ಅದನ್ನ ನನ್ನ ಕೊರಳಿಗೆ ಹಾಕಿದಳು. ಅದನ್ನ ಹಾಕ್ಕೊಂಡೇ ಊಟ ಮಾಡಿದೆ. ಸಾರು ಬಿತ್ತು ಅಂತ ಬೈಸಿಕೊಂಡೆ.

ಆದರೂ ಸಿಟ್ಟು ಹೋಗಿಲ್ಲ ಅಂದೆನಲ್ಲ, ಏಕೆ ಗೊತ್ತಾ? ಆ ಟೀವಿಯವರು ಅದು ಸುಳ್ಳು ಅಂತ ಒಂದು ದಿನವೂ ಹೇಳಲಿಲ್ಲ. ನಗಾರಿ ಬೇಡ, ಸಣ್ಣ ದನಿಯಲ್ಲೂ ಹೇಳಲಿಲ್ಲ. ನಮ್ಮ ಆಂಟೆನಾದ ಸುತ್ತ ಹಾಕಿದ್ದ ಆ ಕೆಂಪು ಸುತ್ತು ಎಷ್ಟೋ ಫೋನುಗಳಲ್ಲಿ ಇನ್ನೂ ಹಾಗೇ ಇದೆ. ಈ ವರ್ಷವೂ ಒಬ್ಬರು ಮದುವೆ ಮನೆಯಲ್ಲಿ "ಆ ಮಾಟದ ಕೇಸು ಏನಾಯ್ತು?" ಅಂತ ಕೇಳಿದರು. ಚಂದು ಹಬ್ಬದ ಸೀರೆ ಉಟ್ಟು ಪಕ್ಕದಲ್ಲೇ ನಿಂತಿದ್ದಳು.

ಈ ವರ್ಷ ನಮ್ಮ ದೇಶದ ಗಾಡಿ ಚಂದ್ರನ ಕಡೆ ಹೊರಟಿತಲ್ಲ, ಆಗ ಟೀವಿಯವರಿಗೆಲ್ಲ ಉಪಗ್ರಹದ ಮೇಲೆ ಪ್ರೀತಿ ಉಕ್ಕಿತು. ಒಂದು ಬೆಳಿಗ್ಗೆ ಮೈಕ್ ಹಿಡ್ಕೊಂಡು ಒಬ್ಬ ಗೇಟಿಗೆ ಬಂದ. ಮೈಕಿನ ಮೇಲಿನ ಗುರುತು ನೋಡಿದೆ. ಅದೇ ಚಾನೆಲ್ಲು!

"ತಾತ, ಉಪಗ್ರಹದ ಸಂಸ್ಥೆಯಲ್ಲಿ ಕೆಲಸ ಮಾಡೋ ಮೇಡಂ ಮನೆ ಇದೇ ಅಲ್ವಾ? ಯಲಹಂಕದ ಹೆಮ್ಮೆಯ ಮಗಳು ಅಂತ ಒಂದು ಸ್ಟೋರಿ ಮಾಡ್ತಿದ್ದೀವಿ. ಟೆರೇಸ್ ಮೇಲೆ ಆಂಟೆನಾ ಇದೆಯಂತಲ್ಲ, ಅದರ ಮುಂದೆ ನಿಮ್ದು ಒಂದು ಬೈಟ್, ಅಂದ್ರೆ ಎರಡು ಮಾತು, ಕೊಟ್ರೆ..."

"ಕೊಡ್ತೀನಿ" ಅಂದೆ. "ಮೊದ್ಲು ನೀನು ಕೊಡು. ಓದ್ ವರ್ಷ ಅದೇ ಆಂಟೆನಾ ತೋರ್ಸಿ ಏನೇನಂದ್ರೋ, ಅದೆಲ್ಲಾ ಸುಳ್ಳು ಅಂತ ಅದೇ ನಗಾರಿ ಬಾರಿಸ್ಕೊಂಡು, ಅಷ್ಟೇ ಜೋರಾಗಿ ಹೇಳ್ಬುಡು. ಆಮೇಕೆ ಟೆರೇಸಿಗೆ ನಾನೇ ಕರ್ಕೊಂಡೋಯ್ತೀನಿ, ಕಾಫಿನೂ ಕೊಡ್ತೀನಿ."

ಪಾಪ ಅವನು ಹುಡುಗ. ಬೆವರು ಒರೆಸ್ಕೊಂಡ. "ಅದು ನಮ್ ಕೈಲಿಲ್ಲ ತಾತ. ಆಫೀಸಲ್ಲಿ ಕೂತೋರು ಮಾಡಿದ್ದು."

"ಅಂಗಾದ್ರೆ ಇದೂ ನಿಮ್ ಕೈಲಿರೋದು ಬ್ಯಾಡ ಕಣಪ್ಪಾ. ಅವಮಾನ ಮಾಡಕ್ಕೆ ಆಫೀಸು, ಎಮ್ಮೆ ಪಡಕ್ಕೆ ನೀನಾ?"

ನಮ್ಮ ಮನೆಯಿಂದ ಯಾರೂ ಕಾಫಿ ಕುಡೀದೆ ಹೋದವರಿಲ್ಲ. ಅವನು ಹೋದ. ಒಳಗೆ ಡಿಕಾಕ್ಷನ್ ಇಟ್ಟಿದ್ದ ಗೌರಿ ಅವನ ಲೋಟ ನನಗೇ ಕೊಟ್ಟಳು.

ನಿನ್ನೆ ಆ ಸಂತೆಬೀದಿಯಲ್ಲಿ ಇದ್ದದ್ದರಲ್ಲಿ ದೊಡ್ಡ ಬೂದುಗುಂಬಳಕಾಯಿಯನ್ನೇ ಹೆಗಲ ಮೇಲೆ ಹೊತ್ತು ತಂದೆ. ಇವತ್ತು ಆಯುಧಪೂಜೆ. ಬೆಳಿಗ್ಗೆ ಡ್ಯೂಟಿಯಿಂದ ಚಂದು ಫೋನ್ ಮಾಡಿದ್ದಳು. ಹಬ್ಬದ ದಿನವೂ ಕಾವಲಿಗೆ ರಜೆ ಇಲ್ಲ.

"ತಾತ, ಪೂಜೆ ಮಾಡು, ಆದ್ರೆ ಕೆಂಪು ಲೈಟ್ ಬೇಡ ಆಯ್ತಾ?"

"ಆಕ್ತೀನಿ."

"ತಾತಾ..."

"ಎಲ್ಡು ಸೆಟ್ ತಂದಿವ್ನಿ."

ಅವಳ ನಗು ಕೇಳಿ ಫೋನ್ ಇಟ್ಟೆ. ಬಾಳೆಕಂದು ಕಟ್ಟಿ, ಹೂವು ಸುತ್ತಿ, ವಿಭೂತಿ ಕುಂಕುಮ ಇಟ್ಟು, ಹೊತ್ತು ಮುಳುಗೋ ಸಮಯಕ್ಕೆ ಏಣಿ ಮೇಲೆ ನಿಂತು ಸೀರಿಯಲ್ ಸೆಟ್ ಸುತ್ತುತ್ತಿದ್ದೆ. ಏಣಿಯ ಕಾಲು ಅಲ್ಲಾಡದ ಹಾಗೆ ಕೆಳಗೆ ಯಾರೋ ಹಿಡ್ಕೊಂಡ ಹಾಗಾಯ್ತು. ರಮೇಶ ಅಂದ್ಕೊಂಡೆ. ನೋಡಿದರೆ ನಂಜುಂಡಪ್ಪ. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಫೋನು. ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

ಲೈಟು ಹತ್ತಿತು. ಆಂಟೆನಾ ತುದಿಯಿಂದ ಬುಡದ ತನಕ ಕೆಂಪಗೆ ಮಿನುಗಿತು. ಅವನು ಕತ್ತೆತ್ತಿ ನೋಡಿ, ಫೋನು ಮುಂದಕ್ಕೆ ಹಿಡಿದ.

"ಮುನಿಯಪ್ಪಣ್ಣ, ಚೆಂದಾಗೈತೆ. ಒಂದು ಫೋಟೋ ತೆಗೀಲಾ?"

ನಾನು ಏಣಿ ಮೇಲಿಂದ ಅವನನ್ನೇ ನೋಡಿದೆ. ಬಾಯಿಗೆ ಬಂದದ್ದು ಬೇರೆ. ಆದರೂ ಹೇಳಿದ್ದು ಇಷ್ಟೇ.

"ತೆಗಿ. ಎಲ್ಲಾ ಗ್ರೂಪಿಗೂ ಆಕು. ಆದ್ರೆ ಈ ಸಲ ಕೆಳಗೆ ಎಸ್ರು ಬರಿ. ಇದು ನಮ್ ಬೀದಿ ಚಂದನಾ ಆಂಟೆನಾ ಅಂತ ಬರಿ. ಅದ್ರ ಕೆಳಗೆ ನಿನ್ ಎಸ್ರೂ ಬರಿ."

ಅವನು ಮೆಟ್ಟಿಲ ಮೇಲೆ ಕೂತು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದ. ಕಳಿಸೋ ಮೊದಲು ಎದ್ದು ಬಂದು ನನಗೆ ತೋರಿಸಿದ. ನಾಲ್ಕನೇ ಕ್ಲಾಸಿನವನು ನಾನು, ನಿಧಾನವಾಗಿ ಎರಡು ಸಲ ಓದಿದೆ. ಎರಡೂ ಹೆಸರು ಇದ್ದವು.

"ಕಳ್ಸು" ಅಂದೆ.